ಖಾಲಿಯಾದ ಜಾಗ

ಹೆಂಡತಿ ರೇವಮ್ಮನ ತಿಥಿ ಮುಗಿಸಿ ಗಂಗಹನುಮಯ್ಯ ಗುಬ್ಬಿಯಿಂದ ತುಮಕೂರಿಗೆ ಬಂದಾಗ, ಅವನ ಸ್ಕೂಟರ್ ಬಿ.ಎಚ್. ರಸ್ತೆಯ ಫುಟ್‌ಪಾತ್ ಮೇಲೆ, ಅವತ್ತು ನಿಲ್ಲಿಸಿದಂತೆಯೇ ಅಡ್ಡಡ್ಡ ನಿಂತಿತ್ತು. ಔಷಧಿ ಅಂಗಡಿಯಿಂದ ಹೊರಬಂದ ರೇವಮ್ಮ ಅದನ್ನು ಸುತ್ತಿಕೊಂಡು ಬರಲು ರಸ್ತೆಗೆ ಇಳಿದಿದ್ದಳು. ಹಿಂದಿನಿಂದ ಲಾರಿ ಬಂದಿತ್ತು. ಆಯುಧಪೂಜೆಗೆ ಅವಳೇ ಹಾಕಿದ್ದ ಚೆಂಡುಹೂವಿನ ಹಾರ ಹ್ಯಾಂಡಲ್ಲಿನಲ್ಲಿ ಒಣಗಿತ್ತು.

ಅವನು ಮೂಲೆಯಲ್ಲಿದ್ದ ಟ್ರಾಫಿಕ್ ಪೊಲೀಸನ ಮುಂದೆ ಕೀ ಚಾಚಿದ. "ಗಾಡಿ ನಂದು ಸಾಮಿ. ಫುಟ್‌ಪಾತ್ ಮೇಲೆ ನಿಲ್ಸಿದ್ದೆ. ಕೇಸ್ ಬರ್ಕಳಿ."

"ಲಾರಿಯವನ ಮೇಲೆ ಆಗೈತೆ ಬುಡಿ ಯಜಮಾನ್ರೆ."

"ನನ್ ಮೇಲೆ?"

ಪೊಲೀಸ್ ಸಾಲಾಗಿ ನಿಂತ ಗಾಡಿಗಳತ್ತ ಕೈ ತೋರಿಸಿದ. "ಇದನ್ನೂ ತಪ್ಪು ಅಂತ ಬರ್ಕಂಡ್ರೆ ಅರ್ಧ ತುಮಕೂರು ಸ್ಟೇಷನ್ನಲ್ಲಿರ್ತದೆ. ಆ ಕೊನೇದು ನಂದೇ. ಮನೆಗೋಗಿ."

ಗಂಗಹನುಮಯ್ಯ ಸ್ಕೂಟರನ್ನು ರಸ್ತೆಗೆ ಇಳಿಸಿದ. ಅದನ್ನೇ ಕಾಯುತ್ತಿದ್ದ ಬೈಕಿನವನೊಬ್ಬ ಮುಂದಿನ ಚಕ್ರವನ್ನು ಫುಟ್‌ಪಾತಿನ ಅಂಚಿಗೆ ಒತ್ತಿ ನಿಂತ. "ಒಂಚೂರು ಜರುಗಿ ತಾತ."

ಅವನು ಜರುಗಲಿಲ್ಲ. ಚೀಲ ಹಿಡಿದು ಬರುತ್ತಿದ್ದ ಹೆಂಗಸೊಬ್ಬಳು ರೂಢಿಯಂತೆ ಒಂದು ಕಾಲನ್ನು ರಸ್ತೆಗೆ ಇಳಿಸಿದವಳು, ಜಾಗ ಖಾಲಿ ಇರುವುದನ್ನು ಕಂಡು, ಮತ್ತೆ ಮೇಲೆ ಹತ್ತಿ ಫುಟ್‌ಪಾತ್ ಮೇಲೆಯೇ ನಡೆದುಹೋದಳು. ಗಂಗಹನುಮಯ್ಯ ಅವಳ ಪಾದಗಳನ್ನೇ, ಅವು ದಾಟುವ ತನಕ, ನೋಡುತ್ತಿದ್ದ.

"ಆಯ್ತಲ್ಲ ತಾತ, ಜರುಗಿ ಇನ್ನ," ಎಂದ ಬೈಕಿನವನು.

"ಹಿಂದೆ ಇನ್ನೂ ಜನ ಬರ್ತಾವ್ರೆ ಕಣಪ್ಪ," ಎಂದ ಗಂಗಹನುಮಯ್ಯ.