ಕೋಣನ ರಾಯಭಾರ

ಹುಣಸೆ ಮರದ ಮೊದಲ ಕೊಂಬೆ ಕೈಗೆ ಸಿಕ್ಕಿದ್ದೇ ತಡ, ಯೋತಾಮು ಕಾಲು ಮೇಲೆಳೆದುಕೊಂಡ. ಒಂದು ಚಪ್ಪಲಿ ಕೆಳಗೆ ಬಿತ್ತು. ಕಾಡುಕೋಣ ಅದನ್ನು ಕೊಂಬಿನಿಂದ ಎತ್ತಿ ಎಸೆದು, ಬುಸುಗುಟ್ಟುತ್ತ ಮರವನ್ನು ಒಂದು ಸುತ್ತು ಬಂತು. ಹಿಂಡು ಬಿಟ್ಟ ಮುದಿ ಕೋಣ. ಇಂಥವಕ್ಕೆ ಹಠ ಜಾಸ್ತಿ. ಯೋತಾಮುವಿಗೆ ಇವತ್ತು ಸಫಾರಿ ಕೆಲಸಕ್ಕೆ ರಜೆ. ಸಫಾರಿಯಲ್ಲಿ ಜೊತೆಗಿರುವ ಕೋವಿಯ ಕಾವಲುಗಾರನೂ ಇಲ್ಲ.

ಉಸಿರು ಹತೋಟಿಗೆ ಬಂದ ಮೇಲೆ ತಲೆ ಎತ್ತಿದ. ಕಾಂಡದ ಆಚೆ ಬದಿಯ ಕೊಂಬೆಯಿಂದ ಎರಡು ಕಾಲು ಇಳಿಬಿದ್ದಿದ್ದವು. ಮೇಲೆ ಹಳದಿ ಬಟ್ಟೆಯ ಅಂಚು. ಆ ಬಟ್ಟೆಯ ಗುರುತು ಅವನಿಗಿತ್ತು. ಥಟ್ಟನೆ ಮುಖ ತಿರುಗಿಸಿಕೊಂಡ. ಕೆಳಗಿನ ಕೋಣವೇ ವಾಸಿ ಅನ್ನಿಸಿತು.

ಹುಣಸೆಹಣ್ಣು ಕೀಳಲು ಹತ್ತಿದ್ದವಳು ಅವನು ಮೆಚ್ಚಿದ ಹುಡುಗಿ ಫೈದೇಸಳ ತಾಯಿ.

ಲುವಾಂಗ್ವಾ ಹೊಳೆಯ ಈ ದಂಡೆಯಲ್ಲಿ ಅಳಿಯನಾದವನು, ಅಳಿಯನಾಗಬೇಕೆಂದಿರುವವನೂ ಸಹ, ಅತ್ತೆಯ ಮುಖ ನೋಡುವಂತಿಲ್ಲ, ಹೆಸರೆತ್ತುವಂತಿಲ್ಲ. ದಾರಿಯಲ್ಲಿ ಎದುರಾದರೆ ಪೊದೆಗೆ ಸರಿದು ನಿಲ್ಲಬೇಕು. ಹೇಳುವುದು ಏನಿದ್ದರೂ ನಡುವೆ ಒಬ್ಬರಿರಬೇಕು. ಯೋತಾಮುವಿಗೆ ಆ ನಡುವಿನವನು ಸೋದರಮಾವ ಮಟೇಯೊ. ಅವನು ಹೋದಾಗಲೆಲ್ಲ ಒಂದೇ ಉತ್ತರ ತಂದಿದ್ದ: ಸಫಾರಿಯವರನ್ನು ಕಾಡಿನಲ್ಲಿ ನಡೆಸಿಕೊಂಡು ಹೋಗುವವನಿಗೆ ಮಗಳನ್ನು ಕೊಡುವುದಿಲ್ಲ. ಭಾನುವಾರ ಚಿಪಾಟ ಪೇಟೆಯ ಅಂಗಡಿಯವನಿಗೆ ಮಾತು ಕೊಡುತ್ತೇನೆ ಎಂದೂ ಆಕೆ ಹೇಳಿ ಕಳಿಸಿದ್ದಳು. ಇವತ್ತು ಶುಕ್ರವಾರ.

ಕೋಣ ಆಚೆ ಬದಿಯ ನೆರಳಿಗೆ ಹೋಗಿ ಆಕೆಯ ಕಾಲ ಕೆಳಗೇ ಮಲಗಿತು. ಕಾಂಡ ಇಬ್ಬರು ತಬ್ಬಿದರೂ ಸಾಲದಷ್ಟು ದಪ್ಪ. ಯೋತಾಮುವಿಗೆ ಕೋಣ ಕಾಣುತ್ತಿರಲಿಲ್ಲ. ಬಗ್ಗಿ ನೋಡಿದರೆ ಆಕೆಯೂ ಕಾಣುತ್ತಾಳೆ. ಕೋಣನ ಬೆನ್ನ ಮೇಲೆ ಉಣ್ಣಿ ಹೆಕ್ಕುವ ಹಕ್ಕಿಗಳ ಕಿಚಿಕಿಚಿಯಷ್ಟೇ ಕೇಳುತ್ತಿತ್ತು.

ಬಿಸಿಲೇರಿತು. ಕಾಲಿಗೆ ಇರುವೆ ಮುತ್ತಿದವು. ನಾಲಿಗೆ ಒಣಗಿತು. ಹೊಳೆಯಾಚೆ ಸಫಾರಿ ಜೀಪೊಂದು ಕಂಡಾಗ ಯೋತಾಮು ಅಂಗಿ ಬಿಚ್ಚಿ ಜೋರಾಗಿ ಬೀಸಿದ. ಜೀಪಿನವರೂ ಖುಷಿಯಿಂದ ಕೈ ಬೀಸಿ, ಫೋಟೊ ತೆಗೆದುಕೊಂಡು ಹೊರಟುಹೋದರು.

ಆಚೆ ಬದಿಯಿಂದ ಹುಣಸೆ ಬೀಜವೊಂದು ಬಿತ್ತು. ಕೋಣ ಬುಸ್ಸೆಂದಿತು.

"ಲೋ ಕೋಣ," ಆಕೆಯ ದನಿ. "ಆ ಕಡೆ ಕೂತಿರೋ ಗಂಡಸನ್ನ ಕೇಳು. ದಿನಾ ಕಾಡಲ್ಲಿ ಜನರನ್ನ ತಿರುಗಿಸೋನಂತೆ. ನಿನ್ನ ಮುಖ ನೋಡಿ ಮೊಲದ ಹಾಗೆ ಓಡಿ ಬಂದನಲ್ಲ, ನಾಚಿಕೆ ಆಗಲ್ವಂತಾ?"

ಯೋತಾಮು ದಂಗಾದ. ನಡುವೆ ಒಬ್ಬ ಸಿಕ್ಕಿದ್ದ. ನಾಲ್ಕು ಕಾಲಿನವನಾದರೇನು.

"ಕೋಣಣ್ಣ, ಅಮ್ಮನಿಗೆ ಹೇಳು. ನಾಚಿಕೆ ಆಗತ್ತೆ. ಆದ್ರೂ ಓಡ್ತೀನಿ."

ಗಾಳಿ ಎದ್ದು ಮರವೆಲ್ಲ ಸರಸರ ಎಂದಿತು. ಹಕ್ಕಿಗಳು ಕಿರ್ರೆನ್ನುತ್ತ ಅವನ ತಲೆಯ ಮೇಲಿಂದ ಹೊಳೆಯತ್ತ ಹಾರಿದವು. ಅವು ಹೋದ ದಿಕ್ಕನ್ನೇ ನೋಡುತ್ತ ಅವನು ಸ್ವಲ್ಪ ಹೊತ್ತು ಕುಳಿತ.

"ಕೋಣಣ್ಣ, ಇದ್ದೀಯಾ?"

"ಲೋ ಕೋಣ, ಕೆಂಗಣ್ಣು ಬಿಟ್ಕೊಂಡು ಇಲ್ಲೇ ಬಿದ್ದಿದ್ದೀಯಲ್ಲ, ಅದನ್ನ ಅವನಿಗೆ ಹೇಳು."

"ಸರಿ ಕೋಣಣ್ಣ. ಇದ್ರೆ ಮಾತಾಡೋಣ."

ಆಕೆ ತಡೆದು ತಡೆದು ಹೇಳಿದಳು. "ನಿನ್ನ ಜಾತಿಯೋನೇ ಕಣೋ ನನ್ನ ಗಂಡನ್ನ ತೆಗೆದದ್ದು. ಅವರೂ ಇದೇ ಕೆಲಸ ಮಾಡ್ತಿದ್ರು. ಬಂದವರೆಲ್ಲ ಮರ ಹತ್ತಿದ್ರು. ಇವರು ಹತ್ಲಿಲ್ಲ. ಅಷ್ಟು ಜನ ನೋಡ್ತಿರೋವಾಗ ಹೇಗೆ ಓಡೋದು ಅಂತ ನಿಂತ್ರು. ಫೈದೇಸ್ ಆಗ ಎದೆಹಾಲು ಕುಡೀತಿದ್ಲು."

ಇದನ್ನು ಮಟೇಯೊ ಒಂದು ದಿನವೂ ತಂದು ಹೇಳಿರಲಿಲ್ಲ. ಆಕೆ ಅವನ ಕೈಲಿ ಕಳಿಸಿರಲಿಕ್ಕೂ ಇಲ್ಲ.

ಈಚೆ ದಂಡೆಯಲ್ಲೇ ಇನ್ನೊಂದು ಜೀಪು ಹಾದುಹೋಯಿತು, ಕೂಗಿದರೆ ಕೇಳುವಷ್ಟು ಹತ್ತಿರ. ಅವನು ಕೈ ಎತ್ತಲಿಲ್ಲ. ಆಕೆಯೂ ಕೂಗಲಿಲ್ಲ.

"ಕೋಣಣ್ಣ, ನನ್ನ ಹಿಂದೆ ಎಂಥ ದೊಡ್ಡ ಮನುಷ್ಯ ಬರ್ತಿದ್ರೂ ಸರಿ. ನೀನು ತಲೆ ತಗ್ಗಿಸಿದ್ರೆ ಮೊದಲು ಅವರನ್ನ ಮರ ಹತ್ತಿಸ್ತೀನಿ, ಆಮೇಲೆ ನಾನೂ ಹತ್ತೀನಿ. ಯಾರು ಬೇಕಾದ್ರೂ ನಗ್ಲಿ. ಸಂಜೆ ಮನೆಗೆ ಹೋಗಿ ಫೈದೇಸ್ ಮಾಡಿದ ಜೋಳದ ಮುದ್ದೆ ಉಣ್ಬೇಕು ನಾನು."

ಒಣ ಎಲೆಗಳ ಮೇಲೆ ಹುಣಸೆ ಬೀಜ ಒಂದೊಂದಾಗಿ ಬೀಳುತ್ತಿದ್ದವು. ಕುಡೀತಾನಾ ಕೇಳು. ಹಬ್ಬಕ್ಕೆ ಮಾತ್ರ ಅಂತ ಹೇಳು. ಹೆಂಗಸರ ಮೇಲೆ ಕೈ ಮಾಡ್ತಾನಾ ಕೇಳು. ನಮ್ಮಮ್ಮನ್ನ ಕೇಳ್ಕೋ ಅನ್ನು. ಹೀಗೇ ಮಧ್ಯಾಹ್ನವೆಲ್ಲ ಕೋಣನಿಗೆ ಬಿಡುವಿರಲಿಲ್ಲ.

ಕೊನೆಗೆ ಆಕೆ ನಿಟ್ಟುಸಿರುಬಿಟ್ಟಳು. "ಲೋ ಕೋಣ, ಆ ಅಂಗಡಿಯವನ ಹೊಟ್ಟೆಗೆ ಓಡೋಕೂ ಆಗಲ್ಲ, ಮರ ಹತ್ತೋಕೂ ಆಗಲ್ಲ. ಇವನಿಗೆ ಹೇಳು, ಭಾನುವಾರ ಹೆಣ್ಣು ಕೇಳೋಕೆ ಕೋಳಿ ಕೊಟ್ಟು ಮಾವನ್ನ ಕಳಿಸ್ಲಿ."

ಸಂತೋಷಕ್ಕೆ ಯೋತಾಮು ಕೊಂಬೆಯಿಂದ ಬೀಳುವುದರಲ್ಲಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಮಟೇಯೊ ಬಂದ, ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು, ಸಿಳ್ಳೆ ಹಾಕುತ್ತ. ನೇರವಾಗಿ ಮರದ ಆಚೆ ಬದಿಗೇ ಹೋಗಿ ನಿಂತ.

"ಅಕ್ಕ, ಬೆಳಿಗ್ಗೆಯಿಂದ ನಿಮ್ಮನ್ನ ಊರೆಲ್ಲ ಹುಡುಕ್ತಿದೆ. ಮರದಲ್ಲೇನು ಮಾಡ್ತಿದ್ದೀರಿ? ಇವನೂ ಇಲ್ಲೇ ಇದ್ದಾನೆ."

"ಕೋಣ," ಎಂದಳು ಆಕೆ.

"ಆ ಮುದಿಯದಾ? ಅದು ಮಧ್ಯಾಹ್ನಕ್ಕೆ ಮುಂಚೇನೇ ಹೊಳೆಗೆ ಬಂದು ಬಿದ್ಕೊಂಡಿದೆ. ಹೆಂಗಸರು ನೀರಿಗೂ ಹೋಗಿಲ್ಲ."

ಆಚೆ ಬದಿಯಿಂದ ಇನ್ನೊಂದು ಹುಣಸೆ ಬೀಜ ಬಿತ್ತು.

"ಮಟೇಯೊ, ಆ ಹುಡುಗನ್ನ ಕೇಳು," ಎಂದಳು ಆಕೆ. "ನಾನು ಹೇಳ್ತಿದ್ದದ್ದು ಸುಳ್ಳು ಅಂತ ಗೊತ್ತಾಗ್ಲೇ ಇಲ್ವಂತಾ? ಹಕ್ಕಿ ಹಾರಿದ್ರೆ ಕೋಣ ಎದ್ದು ಹೋಯ್ತು ಅಂತ ತಿಳೀದೋನು ಎಂಥ ಗೈಡು?"

"ಮಾವ, ಅಮ್ಮನಿಗೆ ಹೇಳು. ಹಕ್ಕಿ ಹಾರಿದಾಗ್ಲೇ ಗೊತ್ತಾಯ್ತು. ಕೋಣ ಹೋಯ್ತು ಅಂದುಬಿಟ್ಟಿದ್ರೆ ಮಾತಾಡೋಕೆ ನಡುವೆ ಯಾರಿರ್ತಿದ್ರು?"

ಮಟೇಯೊ ಅದನ್ನು ಒಪ್ಪಿಸಲು ತಿರುಗುವಷ್ಟರಲ್ಲಿ ಆಕೆ ನಗುತ್ತ ಇಳಿಯತೊಡಗಿದ್ದಳು.

"ನಾನೂ ಇಳೀದೆ ಕೂತದ್ದು ಅದಕ್ಕೇ ಅಂತ ಹೇಳಪ್ಪ ಅವನಿಗೆ."