ಜಾಗಾಕ್ಕ ಇಟ್ಟ ಕಲ್ಲು

ಬೀಗ ಹಾಕಿದ ಹಾಗೆಯೇ ಇತ್ತು. ಒಳಗೆ ಕಪಾಟು ಖಾಲಿ.

ವರದಾ ಮೂರು ಹಲಗೆಗಳ ಮೇಲೂ ಕೈಯಾಡಿಸಿದಳು. ಅರವತ್ತೆರಡು ಕಲ್ಲುಗಳಲ್ಲಿ ಒಂದೂ ಇರಲಿಲ್ಲ. ಲಕ್ಷಾಂತರ ವರ್ಷಗಳ ಹಿಂದೆ, ಇನ್ನೂ ಪೂರ್ತಿ ಮನುಷ್ಯರಾಗದವರು ಕೆತ್ತಿದ ಕೈಗೊಡಲಿಗಳು. ಮುದ್ದೇಬಿಹಾಳ ತಾಲ್ಲೂಕಿನ ಈ ಊರಿನ ಹಳೆಯ ಶಾಲಾಕೋಣೆಯಲ್ಲಿ ಅವುಗಳನ್ನು ಐದು ವರ್ಷ ಕಾಪಾಡಿಕೊಂಡು ಬಂದಿದ್ದಳು. ಹನ್ನೊಂದು ಗಂಟೆಗೆ ಆಲಮಟ್ಟಿಯ ಅತಿಥಿಗೃಹದಿಂದ ಪರೀಕ್ಷಕರು ಬರುವವರಿದ್ದರು. ಕಲ್ಲುಗಳನ್ನು ಅವರು ಕಣ್ಣಾರೆ ಕಂಡರೆ ಅವಳಿಗೆ ಪಿಎಚ್.ಡಿ. ಸಿಗುತ್ತಿತ್ತು, ಕಾಣದಿದ್ದರೆ ಇಲ್ಲ.

ಬೀಗಕ್ಕೆ ಎರಡೇ ಕೀಲಿ. ಒಂದು ಅವಳ ಕೈಯಲ್ಲಿತ್ತು. ಇನ್ನೊಂದು ಕಾವಲುಗಾರ ಚಂದಪ್ಪನ ಉಡಿದಾರದಲ್ಲಿ.

ಹಾಗೆ ಯೋಚಿಸಲು ಅವಳಿಗೇ ನಾಚಿಕೆಯಾಯಿತು. ಕುರಿ ಕಾಯುತ್ತಲೇ ಗುಡ್ಡದ ಮೊದಲ ಕಲ್ಲು ತೋರಿಸಿದವನು ಅವನು. ಅವಳಿಗೆ ಜ್ವರ ಬಂದಾಗ ಹೆಂಡತಿ ಕಸ್ತೂರೆವ್ವನಿಂದ ಬಿಸಿ ನುಚ್ಚು ಮಾಡಿಸಿ ತಂದಿದ್ದ. ಅವಳನ್ನು ಅವನು ಕರೆಯುತ್ತಿದ್ದುದು ಬಾಯಾರು ಎಂದು. ಆ ಬಾಯಾರು ಉಳ್ಳಾಗಡ್ಡಿ ತಿನ್ನುವುದಿಲ್ಲವೆಂದು ಬೇರೆ ಬೋಗುಣಿಯಲ್ಲಿ.

ಅರವತ್ತೆರಡರಲ್ಲಿ ಹೆಚ್ಚಿನವು ಒರಟು ಕಲ್ಲುಗಳು. ಒಂಬತ್ತು ಮಾತ್ರ ಬೇರೆ. ಬಾದಾಮಿಯ ಆಕಾರ, ಎರಡೂ ಮೈ ಸಮ. ಈ ಗುಡ್ಡದ ಪೂರ್ವಜರು ಇಷ್ಟು ನಯವಾದ ಕೆಲಸ ಕಲಿತಿದ್ದರೆಂಬುದೇ ಅವಳ ಪ್ರಬಂಧ. ಗುಡ್ಡದಲ್ಲಿ ಅಗೆದ ಮೂರನೇ ಗುಂಡಿಯಲ್ಲಿ ಅವು ಸಿಕ್ಕಾಗ ಅವಳು ಇಂಡಿ ಪಟ್ಟಣದಲ್ಲಿ, ಚಿಕ್ಕಮ್ಮನ ಮನೆಯಲ್ಲಿದ್ದಳು. ಮಾರ್ಗದರ್ಶಕ ಧೀರೇಂದ್ರ ಸರ್ ತಾವೇ ತೊಳೆದು, ಸಂಖ್ಯೆ ಬರೆದು, ಅವಳ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಅಂಥ ಕಾಳಜಿಯ ಮನುಷ್ಯ.

ಅವರಿಗೇ ಮೊದಲು ಫೋನು ಮಾಡಿದಳು.

"ಎಲ್ಲಾ ಹೋದುವೇನು? ಆ ಒಂಬತ್ತೂ?" ಎಂದರು ಸರ್.

"ಹೌದ್ರಿ ಸರ್. ಪೊಲೀಸ್ರಿಗೆ ಹೇಳಲೇನ್ರಿ?"

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಬ್ಯಾಡ ವರದಾ. ಇನ್ನೊಂದ ಕೀಲಿ ಚಂದಪ್ಪನ ಕಡೆ ಇತ್ತಲ್ಲ; ಬಡವ ಇದ್ದಾನ, ಸಾಯ್ಲಿ ಬಿಡು. ಕಳುವಾಗ್ಯಾವ ಅಂತ ಪರೀಕ್ಷಕರಿಗೆ ನಾನ ಹೇಳ್ತೀನಿ. ಫೋಟೋ ಅದಾವಲ್ಲ, ಸಾಕು."

ಇಂಥ ಹೊತ್ತಿನಲ್ಲೂ ಕಳ್ಳನ ಮೇಲೆ ಕನಿಕರ! ವರದಾಳ ಕಣ್ಣು ಒದ್ದೆಯಾಯಿತು.

ಹೊರಗೆ ಊರಿನ ಇಬ್ರಾಹಿಂಸಾಬ ತನ್ನ ಬಾಡಿಗೆ ಆಟೋ ಟಂಟಂ ಒರೆಸುತ್ತಿದ್ದ.

"ಚಂದಪ್ಪಣ್ಣ ಎಲ್ಲಿ ಅದಾರ?"

"ಗುಡ್ಡದಾಗ್ರಿ. ನಿನ್ನೆ ಮಧ್ಯಾಹ್ನ ಚೀಲಾ ಹೇರಿಕೊಂಡು ನನ್ನ ಗಾಡ್ಯಾಗ ಹೋದ. ಏನ್ ಭಾರ ರೀ! ಏನೈತೋ ಇದರಾಗ ಅಂದ್ರ, ನಮ್ಮ ಮುತ್ಯಾನ ಮುತ್ಯಾ ಅದಾನ, ಸಾವಕಾಶ ಹೊಡಿ ಅಂದ." ಚೀಲದಲ್ಲಿ ಅಜ್ಜನ ಅಜ್ಜ! ಇಬ್ರಾಹಿಂಸಾಬ ನಕ್ಕ. "ಬರ್ರಿ, ಬಿಟ್ಟು ಬರ್ತೇನಿ."

ವರದಾ ನಗಲಿಲ್ಲ. ದಾರಿಯುದ್ದಕ್ಕೂ ಅವಳು ಕೇಳಬೇಕಾದ ಮಾತನ್ನು ಹೊಂದಿಸಿಕೊಂಡಳು. ಯಾರಿಗೆ ಕೊಟ್ಟಿ? ಯಾಕ ಕೊಟ್ಟಿ? ಐದು ವರ್ಷ ತಾನು 'ನೀವು' ಎಂದು ಮಾತಾಡಿಸಿದವನನ್ನು ಮನಸ್ಸು ಏಕವಚನಕ್ಕೆ ಇಳಿಸಿಬಿಟ್ಟಿತ್ತು.

ಚಂದಪ್ಪ ಬನ್ನಿ ಗಿಡದ ನೆರಳಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಪಕ್ಕದಲ್ಲಿ ಒಂದು ಗೋಣಿಚೀಲ.

"ಕಲ್ಲು ಎಲ್ಲಿ?" ಎಂದಳು.

"ಜಾಗಾಕ್ಕ ಅದಾವಲ್ರಿ, ಬಾಯಾರ."

"ಯಾವ ಜಾಗಾ?"

"ನಿನ್ನೆ ನೀವ ಬಾಗೇವಾಡಿಯಿಂದ ಫೋನ್ ಮಾಡಿದ್ರಲ್ರಿ. ನಾಳೆ ದೊಡ್ಡವ್ರು ಬರ್ತಾರ, ಎಲ್ಲಾ ಕಲ್ಲೂ ಜಾಗಾಕ್ಕ ಇಟ್ಟಿರ್ರಿ ಅಂತ. ಇಟ್ಟೇನ್ರಿ. ಜಾಗಾ ಬಿಟ್ಟ ಕಲ್ಲು ಮೂಕ ಇದ್ದಂಗ ಅಂತ ನೀವ ಹೇಳ್ತಿದ್ರಿ. ಅದಕ್ಕ ಎಲ್ಲೆಲ್ಲಿ ಸಿಕ್ಕಿದ್ದುವೋ ಅಲ್ಲಲ್ಲೇ."

ವರದಾ ಇಳಿಜಾರಿನತ್ತ ನೋಡಿದಳು. ಹುಲ್ಲಿನ ಬುಡದಲ್ಲಿ ಒಂದು, ಹಳ್ಳದ ದಂಡೆಯಲ್ಲಿ ಎರಡು, ಗುಂಡಿಗಳಲ್ಲಿ ಸಾಲು ಸಾಲು. ಹತ್ತಿರ ಹೋಗಿ ತನ್ನ ನಕಾಶೆ ತೆರೆದಳು. ಗೇಣು ಸಹ ತಪ್ಪಿರಲಿಲ್ಲ.

"ಇಷ್ಟೂ ನೆನಪಿತ್ತೇನ್ರಿ ನಿಮಗ?"

"ನೂರ ಕುರಿ ಮುಖಾ ನೆನಪ ಇಟ್ಟಾವ ಐವತ್ತ ಕಲ್ಲ ಮರಿತೇನೇನ್ರಿ?"

ಕಪಾಟಿನಲ್ಲಿಡಿ ಎಂದು ಹೇಳಹೋಗಿ ತಾನೇ ಜಾಗಾಕ್ಕ ಎಂದಿದ್ದಳು. ಎದೆಯ ಮೇಲಿನ ಚಪ್ಪಡಿ ಜಾರಿದಂತಾಯಿತು. ಅವಳು ನಕ್ಕಳು, ಅತ್ತಳು. ಇಂಥವನನ್ನು ಕಳ್ಳನೆಂದೆನಲ್ಲ! ಚಂದಪ್ಪ ತಾನೇನು ತಪ್ಪು ಮಾಡಿದೆನೋ ಎಂದು ಗಾಬರಿಯಾಗಿ ಹೆಗಲಿನ ಟವೆಲು ಕೊಡವಿ ಚಾಚಿದ.

"ಒರಸಗೋರಿ. ಒಗದದ್ದ ಐತಿ."

ಕೆಳಗೆ ರಸ್ತೆಯಲ್ಲಿ ಧೂಳು ಎದ್ದಿತು. ಸರ್ ಅವರ ಜೀಪು, ಹಿಂದೆ ಪರೀಕ್ಷಕರ ಕಾರು. ವರದಾ ಬೇಗಬೇಗ ಎಣಿಸಿದಳು. ಐವತ್ತಮೂರು. ಮೂರನೇ ಗುಂಡಿಗೆ ಓಡಿದಳು. ಅದು ಬರಿದಾಗಿತ್ತು.

"ಚಂದಪ್ಪಣ್ಣ, ಇಲ್ಲಿಯ ಒಂಬತ್ತು?"

ಅವನು ಗೋಣಿಚೀಲ ತಂದು ಅವಳ ಕಾಲ ಬಳಿ ಮೆತ್ತಗೆ ಇಳಿಸಿದ.

"ಇವ ನಮ್ಮ ಗುಡ್ಡದಾವಲ್ರಿ. ಸಂದ್ಯಾಗ ಕೆಂಪ ಮಣ್ಣು ನೋಡ್ರಿ. ನಮ್ಮದು ಎರಿ ನೆಲಾ, ಕರೀ ಮಣ್ಣು."

"ಅವು ಈ ಗುಂಡ್ಯಾಗ ಸಿಕ್ಕಾವಲ್ಲ!"

"ಸಿಕ್ಕಾವ್ರಿ. ಆದ್ರ ಇದು ಅವುಗಳ ಜಾಗಾ ಅಲ್ಲಲ್ರಿ." ಚಂದಪ್ಪ ಗೊಂದಲದಿಂದ ಅವಳ ಮುಖ ನೋಡಿದ.

"ಅವು ಸಿಗೂ ಹಿಂದಿನ ದಿನಾ ಸರ್ ಜೀಪಿನ್ಯಾಗ ತಂದಿದ್ರು, ಹುಗಿಯಾಕ ನಾನ ಎತ್ತಿ ಕೊಟ್ಟೇನ್ರಿ, ಯಾಕ ಬಾಯಾರ, ಅವರು ನಿಮಗ ಹೇಳಿಲ್ಲೇನ್ರಿ?"