ಸಿಂಹದ ಬಾಯಿಯ ನೀರು

"ಕಲ್ಲಿನ ಮ್ಯಾಲ ಹೆಸರು ಕೆತ್ತಿದ್ರ ಮನಿಷಾ ಸತ್ತಂಗನ?"

ದ್ಯಾಮವ್ವ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಸಿಂಕು, ಅದರ ಮೇಲೊಂದು ಕಿಟಕಿ, ಕಿಟಕಿಯಾಚೆ ಅಮೆರಿಕದ ಮಿಲ್ಪಿಟಾಸಿನ ಬೋಳು ಗುಡ್ಡ. ನಡುಮನೆಯಲ್ಲಿ ಮಗ ಪರಶುರಾಮ ಸ್ಲೈಡ್ ಪ್ರೊಜೆಕ್ಟರಿನ ವೈರು ಬಿಡಿಸುತ್ತಿದ್ದ. ಅವನಿಗೆ ಕೇಳಿಸಿತು. ಕೇಳಿಸದವನಂತೆ ವೈರನ್ನೇ ಬಿಡಿಸಿದ.

ಹೋದ ವಾರ ಅವನು ಆಫೀಸಿನ ಕೆಲಸಕ್ಕೆಂದು ಇಟಲಿಗೆ ಹೋಗಿದ್ದ. ಕೆಲಸ ಮುಗಿಸಿ, ಗುಡ್ಡದ ಮೇಲಿನ ಒಂದು ಸಣ್ಣ ಊರಿಗೆ ಬಸ್ಸು ಹತ್ತಿದ್ದ. ಅವನ ಅಪ್ಪ ಯಲ್ಲಪ್ಪ ಬೆಳಗಾವಿ ಕಡೆಯವನು, ಬ್ರಿಟಿಷರ ಪಲ್ಟನ್ನಿನಲ್ಲಿ ಲಾರಿ ಓಡಿಸುತ್ತಿದ್ದವನು. ಮಹಾಯುದ್ಧದಲ್ಲಿ ಆಫ್ರಿಕಾದ ಮರಳಲ್ಲಿ ಸೆರೆ ಸಿಕ್ಕು, ಆ ಊರಿನ ಹತ್ತಿರದ ಬಂದೀಖಾನೆ ಸೇರಿದ್ದ. ಬಂದೀಖಾನೆ ಒಡೆದ ದಿನ ಗುಡ್ಡ ಹತ್ತಿ ಓಡಿದವರಲ್ಲಿ ಒಬ್ಬ. ಆಮೇಲೆ ಸುಳಿವಿಲ್ಲ. ಆಗ ಪರಶುರಾಮ ತೊದಲು ಮಾತಾಡುವ ಕೂಸು.

ಹನ್ನೆರಡು ವರ್ಷ ತುಂಬಿದ ಮೇಲೆ, ದರ್ಭೆಯ ಗೊಂಬೆ ಮಾಡಿ ಸುಟ್ಟುಬಿಡೋಣ ಎಂದು ಊರ ಹಿರಿಯರು ಬಂದರು. ದ್ಯಾಮವ್ವ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಳು. ಹೆಣ ತೋರಿಸಿ, ಇಲ್ಲವೇ ಎಲ್ಲಾದರೂ ಬರೆದ ಹೆಸರು ತೋರಿಸಿ ಅಂದಳು. ಹಿರಿಯರು ಬಂದ ದಾರಿಯಲ್ಲೇ ತಿರುಗಿದರು. ಹಣೆಯ ಮೇಲೆ ಕಾಸಗಲ ಕುಂಕುಮ ಉಳಿಯಿತು. ಅದು ವಿಮಾನ ಹತ್ತಿ ಅಮೆರಿಕಕ್ಕೂ ಬಂತು.

ಈಗ ಮಗ ಹೆಸರು ಕಂಡೆ ಅನ್ನುತ್ತಿದ್ದ. ಊರಾಚೆ ಸತ್ತ ಸಿಪಾಯಿಗಳ ಕಲ್ಲು, ಅದರ ಮೇಲೆ ಯಲ್ಲಪ್ಪನ ಹೆಸರು ಇದೆಯಂತೆ. ಇಟಲಿಯಿಂದಲೇ ಫೋನು ಮಾಡಿ ಹೇಳಿದ್ದ. ನಾಳೆ ಬೆಳಿಗ್ಗೆ ಪಕ್ಕದ ನೆವಾರ್ಕಿನಿಂದ ವ್ಯಾಸರಾಜ ಆಚಾರ್ಯರು ದರ್ಭೆ, ಎಳ್ಳು ಹಿಡಿದು ಬರುವವರಿದ್ದರು. ದ್ಯಾಮವ್ವ ಹೂಂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಮೊದಲು ಊರು ತೋರಿಸು ಅಂದಿದ್ದಳು.

ಮೊಮ್ಮಗಳು ಆಶಾ ಜ್ಯೂಸಿನ ಲೋಟಕ್ಕೆ ತುಟಿ ಹಚ್ಚಿಕೊಂಡೇ ಬಂದು ಕಾರ್ಪೆಟ್ಟಿನ ಮೇಲೆ ಕೂತಳು.

"ಎಂಜಲಾ ಮಾಡಬ್ಯಾಡ. ಎತ್ತಿ ಕುಡಿ," ಅಂದಳು ಅಜ್ಜಿ, ದಿನಾ ಅನ್ನುವಂತೆ.

ಹುಡುಗಿ ಲೋಟ ಎತ್ತಿದಳು. ಅರ್ಧ ಜ್ಯೂಸು ಕತ್ತಿಗಿಳಿಯಿತು. "ನೋಬಡಿ ಡ್ರಿಂಕ್ಸ್ ಲೈಕ್ ದಿಸ್, ಅಜ್ಜಿ."

ಸೊಸೆ ನಿರುಪಮಾ ದೀಪ ಆರಿಸಿದಳು. ದ್ಯಾಮವ್ವ ಪುರಾಣಕ್ಕೆ ಕೂತವಳಂತೆ ಸೆರಗು ಹೊದ್ದು ಕೈ ಕಟ್ಟಿದಳು.

ಊರ ಹೆಸರು ರೊಕ್ಕಾವೆರ್ದೆ. ರೊಕ್ಕ ತರುತ್ತೇನೆಂದು ಹೋದವನು ಸರಿಯಾದ ಊರಿಗೇ ಹೋಗಿದ್ದಾನೆ ಅಂದಳು ಮುದುಕಿ. ಅವರ ಮಾತಿನಲ್ಲಿ ರೊಕ್ಕ ಅಂದರೆ ಕೋಟೆ ಎಂದ ಮಗ. ಕೋಟೆ ಬಂತು. ಭೂಕಂಪಕ್ಕೆ ಸೀಳಿದ ಬುರುಜು, ಸೀಳಿನಲ್ಲಿ ಅಂಜೂರದ ಗಿಡ. ಗಂಟೆಯ ಗೋಪುರ ಬಂತು. ಚರ್ಚಿನ ಗೋಡೆಯ ಮೇಲೆ ಬಣ್ಣ ಉದುರಿದ ಸಂತ, ಅವನ ಕಾಲಬುಡದಲ್ಲಿ ಕುರಿಗಳು. ಚಳಿಗೆ ಕುರಿ ಹೊಡೆದುಕೊಂಡು ಬಯಲಿಗಿಳಿಯುವ ಊರಂತೆ ಅದು. ರೋಮನ್ನರ ಕಾಲದ ಕಲ್ಲುಗಳನ್ನು ಕಿತ್ತು ಮನೆಮನೆಗೆ ಹೊಸ್ತಿಲು ಮಾಡಿಕೊಂಡಿದ್ದಾರಂತೆ. ಚರ್ಚಿನ ನೆಲಮಾಳಿಗೆಯಲ್ಲಿ, ಓಡಿಬಂದ ಸೆರೆಯಾಳುಗಳನ್ನು ಹಿಮ ಕರಗುವ ತನಕ ಊರವರು ಬಚ್ಚಿಟ್ಟಿದ್ದರಂತೆ. ಹೆಂಗಸರು ಬುಟ್ಟಿಯಲ್ಲಿ ಬ್ರೆಡ್ಡು ತಂದು, ಮೇಲೆ ಹೂವು ಮುಚ್ಚಿ, ಸಂತನ ಪೂಜೆಗೆ ಬಂದವರಂತೆ ಇಳಿಯುತ್ತಿದ್ದರಂತೆ.

"ಇಷ್ಟೆಲ್ಲಾ ನಿಮಗೆ ಯಾರ್ರೀ ಹೇಳಿದ್ದು? ಗೈಡಾ?" ನಿರುಪಮಾ ಕೇಳಿದಳು.

"ಹೂಂ. ಊರಿನವರೊಬ್ಬರು."

ಸ್ಲೈಡು ಬದಲಾಯಿತು.

ಚೌಕದ ನಡುವೆ ಹಳೆಯ ಕಲ್ಲುತೊಟ್ಟಿ, ಸಾಲು ಸಿಂಹಗಳ ಬಾಯಿಂದ ನೀರು. ತಾಮ್ರದ ಕೊಡ ಹಿಡಿದ ದಪ್ಪ ಮುದುಕಿ. ಅವಳ ಪಕ್ಕ ಟೊಪ್ಪಿಗೆಯ ಮುದುಕನೊಬ್ಬ, ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದರಲ್ಲಿ ತಾಮ್ರದ ಸೌಟು ಎತ್ತಿ, ಆಕಾಶಕ್ಕೆ ಮುಖ ಮಾಡಿ ನೀರು ಕುಡಿಯುತ್ತಿದ್ದ. ಅವನ ಪ್ಯಾಂಟು ಹಿಡಿದುಕೊಂಡು ಒಂದು ಕೂಸು. ಪರಶುರಾಮನ ಬೆರಳು ಗುಂಡಿ ಒತ್ತುವುದರಲ್ಲಿತ್ತು.

"ತಡಿ," ಅಂದಳು ದ್ಯಾಮವ್ವ.

ತಡೆದ. ಮೆಷೀನಿನ ಫ್ಯಾನಿನ ಸದ್ದೊಂದೇ.

"ಸಿಂಹದ ಬಾಯಾಗಿನ ನೀರು ತಂಪ ಇರ್ತಾವೇನು?"

"ಭಾಳ ತಂಪ, ಅವ್ವಾ."

"ಕೂಸು ಚಂದ ಐತಿ. ಆಕೀ ಮೊಮ್ಮಗನ?"

"ಹೂಂ." ಅವನ ದನಿ ಒಡೆಯಿತು. ಕಾಣದ ಅಪ್ಪನ ನೆನಪಾಯಿತೇನೋ ಎಂದು ನಿರುಪಮಾ ಬೆನ್ನು ಸವರಿದಳು.

ಕೊನೆಯದು, ತಿರುಗಿ ಬರುವ ಬಸ್ಸಿನ ಕಿಟಕಿಯಿಂದ ತೆಗೆದದ್ದು. ಊರು ಅಂಗೈಯಷ್ಟಾಗಿತ್ತು.

"ಕಲ್ಲು ಎಲ್ಲೈತಿ?"

"ಕಲ್ಲಿಂದು ತಗೀಲಿಲ್ಲವ್ವ. ರೋಲು ಮುಗಿದಿತ್ತು."

ದ್ಯಾಮವ್ವ ಬಸ್ಸಿನ ಕಿಟಕಿಯನ್ನೇ ನೋಡುತ್ತ ಕೂತಳು.

ಪರಶುರಾಮ ಬಂದು ಅವಳ ಕಾಲ ಹತ್ತಿರ ಕೂತ. ತಲೆ ನರೆತ ಮಗ. ಕೂಸಿನಂತೆ ಅವಳ ಸೀರೆಯ ಅಂಚು ಹಿಡಿದುಕೊಂಡ.

"ಅವ್ವಾ, ಕಾದದ್ದು ಸಾಕು. ನಾಳೆ ಎಳ್ಳು-ನೀರು ಬಿಟ್ಟುಬಿಡ್ತೀನಿ. ನೀ ಹೂಂ ಅನ್ನು. ನನ್ನ ಸಲುವಾಗಿ ಒಂದ ಸಲ ಅನ್ನು."

ಅವಳು ಅವನ ತಲೆ ನೇವರಿಸಿದಳು. ಆ ನೀರಿನ ಚಿತ್ರ ಇನ್ನೊಮ್ಮೆ ಹಚ್ಚು ಅಂದಳು. ಮೆಷೀನು ಹಿಂದಕ್ಕೆ ಸರಿದು, ಗೋಡೆಯ ಮೇಲೆ ಸಿಂಹಗಳು ಬಂದು ನಿಂತವು. ಅವಳು ಎದ್ದು ಗೋಡೆಯ ತನಕ ನಡೆದಳು. ನೀರೆಲ್ಲ ಅವಳ ಬೆನ್ನ ಮೇಲೆ ಬಿತ್ತು. ಸೌಟು ಎತ್ತಿದ ಆ ಮೊಣಕೈಯನ್ನು ಒಂದು ಬೆರಳಿನಿಂದ ಮುಟ್ಟಿದಳು, ಬಿಸಿಯಿದೆಯೇ ಎಂದು ನೋಡುವವಳಂತೆ. ಆಮೇಲೆ ತಿರುಗಿ ಮಗನ ಮುಖ ನೋಡಿದಳು.

"ಊಹೂಂ. ನಿಮ್ಮಪ್ಪ ಇನ್ನೂ ಎತ್ತೇ ಕುಡಿಯಾಕತ್ತಾನ. ಜೀವಂತ ಇದ್ದಾಂವಗ ನಾ ಎಳ್ಳು-ನೀರು ಬಿಡಗೊಡಂಗಿಲ್ಲ."